ನಿಶಿಗಾಕಿ ಮೇಷ್ಟ್ರು ಆರಿಸಿದ ಕೋಶಗಳು

ಜಪಾನಿನ ಕನಜಾವಾದ ನಮ್ಮ ಪ್ರಯೋಗಶಾಲೆಯಲ್ಲಿ ಚೆಂದದ ಜೀವಕೋಶ ಹುಡುಕುವುದರಲ್ಲಿ ನಿಶಿಗಾಕಿ ಮೇಷ್ಟ್ರನ್ನು ಮೀರಿಸಿದವರಿಲ್ಲ. ರೋಗದಿಂದ ಸೋತ ಇಲಿಯ ಹೃದಯವನ್ನು ಕರಗಿಸಿ ಬಿಡಿಬಿಡಿ ಮಾಡಿದರೆ ತಟ್ಟೆಗೆ ಎಲ್ಲ ಬಗೆಯವೂ ಬೀಳುತ್ತವೆ. ನೀಟಾಗಿ, ಪಟ್ಟೆಪಟ್ಟೆಯಾಗಿ ಮಲಗಿದವು ಕೆಲವು. ಮುದುಡಿದವು, ಊದಿದವು, ಅಂಚು ಹರಿದವು ಬಹಳ. ಕೋಶದ ವಿದ್ಯುತ್ತು ಅಳೆಯುವ ಮೇಷ್ಟ್ರ ಗಾಜಿನ ಸೂಜಿ ಇಳಿಯುತ್ತಿದ್ದುದು ಚೆಲುವರ ಮೇಲೆ ಮಾತ್ರ. ಉಳಿದದ್ದೆಲ್ಲ ಕಸಕ್ಕೆ.

ನಾನು ಪಕ್ಕದ ಮೇಜಿನವಳು. ರೋಗದ ಕೋಶವನ್ನೇ ಬಿಟ್ಟು ರೋಗವನ್ನು ಹೇಗೆ ಅಳೆಯುತ್ತೀರಿ ಎಂದು ಒಮ್ಮೆ ಕೇಳಿದ್ದೆ.

"ನೋಡು ತೋಗಾಶಿ, ಹರಕು ಕೋಶದ ಅಳತೆ ತೋರಿಸಿದ್ರೆ ಇವನಿಗೆ ಕೈ ನಡುಗತ್ತೆ ಅಂತಾರೆ. ನಮ್ಮ ಗುರುಗಳು ಕಲಿಸಿದ್ದು ಹೀಗೇ" ಎಂದರು.

ಸೋತ ಹೃದಯದ ಕೋಶಗಳಲ್ಲಿ ಪೊಟ್ಯಾಸಿಯಂ ಹೊರಹೋಗುವ ಬಾಗಿಲುಗಳು ಕಡಿಮೆಯಾಗುತ್ತವೆ, ಬಡಿದ ಮೇಲೆ ಕೋಶ ಸುಧಾರಿಸಿಕೊಳ್ಳಲು ತಡವಾಗುತ್ತದೆ, ಒಂದು ದಿನ ಬಡಿತವೇ ದಿಕ್ಕೆಡುತ್ತದೆ ಎಂದು ಉಳಿದವರೆಲ್ಲ ಕಂಡುಕೊಂಡಿದ್ದರು. ಮೇಷ್ಟ್ರ ಲೆಕ್ಕದಲ್ಲಿ ಬಾಗಿಲುಗಳು ಇದ್ದಲ್ಲೇ ಇದ್ದವು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಪ್ರತಿ ಶರತ್ಕಾಲದಲ್ಲೂ, ಪ್ರಯೋಗದಲ್ಲಿ ಸತ್ತ ಪ್ರಾಣಿಗಳ ಸ್ಮಾರಕದ ಕಲ್ಲಿಗೆ ಸೇವಂತಿಗೆ ಇಟ್ಟು, ಸಾಲಿನಲ್ಲಿ ಹಿಂದೆ ನಿಂತವರು ಕಾದು ಬೇಸತ್ತರೂ ಬಾಗಿದ ತಲೆ ಎತ್ತುತ್ತಿರಲಿಲ್ಲ. ಇಲಿಗೆ ಅಷ್ಟು ಗೌರವ, ಅದರ ಕಾಯಿಲೆಗೆ ಚೂರೂ ಇಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಅವರ ಹೆಂಡತಿ ಫುಮಿಯೆ ಅವರ ಹೃದಯವೂ ಹಿಗ್ಗಿ ಸೋತಿತ್ತು. ಕಳೆದ ಚಳಿಗಾಲ ಅವರಿಗೆ ಕಫ ಕಟ್ಟಿ ಜ್ವರ ಬಂತು. ಬೀದಿಯ ಕೊನೆಯ ಡಾಕ್ಟರು ಒಂದು ಮಾತ್ರೆ ಬರೆಯಲು ಹೋಗಿ ಕೈ ತಡೆದರಂತೆ. ಅದು ಕಫಕ್ಕೆ ಒಳ್ಳೆಯದಾದರೂ ಹೃದಯದ ಆ ಬಾಗಿಲುಗಳನ್ನೇ ಮುಚ್ಚುವ ಮಾತ್ರೆ, ಇವರಲ್ಲಿ ಅವು ಮೊದಲೇ ಕಡಿಮೆ ಇರುತ್ತವೆ, ಬೇರೆ ಕೊಡೋಣ ಎಂದರಂತೆ. ಬೇರೆಯದು ಹಿಂದೊಮ್ಮೆ ಫುಮಿಯೆ ಅವರ ಹೊಟ್ಟೆ ಕೆಡಿಸಿತ್ತು, ಮೇಷ್ಟ್ರಿಗೆ ಅದು ಬೇಡ.

"ಕಡಿಮೆ ಅಂತ ಹೇಳಿದ್ಯಾರು? ಜೀವಮಾನವೆಲ್ಲ ಅಳೆದವನು ನಾನು. ಬರೀರಿ" ಎಂದರು ಮೇಷ್ಟ್ರು. ಪ್ರೊಫೆಸರ್ ಮುಂದೆ ವಾದ ಮಾಡುವುದುಂಟೆ? ಡಾಕ್ಟರು ತಲೆ ತಗ್ಗಿಸಿ ಬರೆದರು.

ಎರಡು ಮೂರು ದಿನಕ್ಕೆ ಫುಮಿಯೆ ಮೂಲಂಗಿ ಹೆಚ್ಚುತ್ತಿದ್ದಲ್ಲೇ ಕುಸಿದರು. ಬಡಿತ ದಿಕ್ಕೆಟ್ಟಿತ್ತು; ಆಂಬುಲೆನ್ಸಿನವರು ಎದೆಗೆ ಶಾಕ್ ಕೊಟ್ಟು ಉಳಿಸಿದರು.

ನಾನು ಕಿತ್ತಳೆ ಹಿಡಿದು ಆಸ್ಪತ್ರೆಗೆ ನೋಡಲು ಹೋದೆ. ಮೇಷ್ಟ್ರು ಮಂಚದ ಪಕ್ಕ ಕೂತು ತೊಳೆಗಳ ಬಿಳಿ ನಾರನ್ನು ಒಂದೊಂದಾಗಿ ಬಿಡಿಸಿ, ಒಣಗಿದ ತೊಳೆಗಳನ್ನು ಬದಿಗಿಡುತ್ತಿದ್ದರು. ಹೀಗಾಗಲು ಸಾಧ್ಯವೇ ಇಲ್ಲ, ನನ್ನ ಅಳತೆ ತಪ್ಪಿಲ್ಲ ಎಂದು ಇನ್ನೂ ಗೊಣಗುತ್ತಿದ್ದರು. ನನಗೆ ಮೈ ಉರಿಯಿತು. ಪ್ರತಿ ಊಟದ ಹೊತ್ತಲ್ಲೂ ಅವರ ಚೆಂದದ ಕೋಶಗಳ ಜಂಬ ಕೇಳುತ್ತಲೇ ಮುದುಕಿಯಾದ ಫುಮಿಯೆ ಮೆಲ್ಲಗೆ ಈಚೆ ತಿರುಗಿದರು.

"ರೀ, ಅಳತೆ ಸರಿಯಾಗೇ ಇದ್ದಿರಬಹುದು. ನನ್ನ ಹೃದಯ ನಿಮ್ಮ ತಟ್ಟೆಗೆ ಬಿದ್ದಿದ್ರೆ, ಅದನ್ನ ನೀವು ಕಸಕ್ಕೆ ಹಾಕ್ತಿದ್ರಿ."

ಮೇಷ್ಟ್ರು ಬದಿಗಿಟ್ಟಿದ್ದ ಒಣ ತೊಳೆಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

ಈಗ ಅವರ ಸೂಜಿ ಮುದುಡಿದ ಕೋಶಗಳ ಮೇಲೆ ಇಳಿಯುತ್ತದೆ. ಬಹಳಷ್ಟು ಮುಟ್ಟಿದ ಕೂಡಲೇ ಒಡೆಯುತ್ತವೆ; ಬೈದುಕೊಂಡು ಇನ್ನೊಂದನ್ನು ಹುಡುಕುತ್ತಾರೆ. ಮೊನ್ನೆ ಒಂದು ಕೋಶ ಹಿಡಿತಕ್ಕೆ ಸಿಕ್ಕಿತು. ಬಾಗಿಲುಗಳು ಅರ್ಧಕ್ಕರ್ಧ ಇರಲಿಲ್ಲ. ಏನೋ ಹೊಸದು ಕಂಡವರಂತೆ ನನ್ನ ಕಡೆ ತಿರುಗಿದರು. ಊರಿಗೆಲ್ಲ ಗೊತ್ತಿದ್ದ ಆ ಹೊಸದಕ್ಕೆ ನಾನು ತಲೆ ಎತ್ತಲಿಲ್ಲ.