ಸುಳ್ಳು ಹೇಳಿದ ಮುಳ್ಳು

ದೋಣಿ ಕಟ್ಟೆಯಲ್ಲಿ ಅವನನ್ನು ಎಲ್ಲರೂ ಮೀಟರಣ್ಣ ಎಂದೇ ಕರೆಯುತ್ತಿದ್ದರು. ಮೋಟಾರು ದೋಣಿಗಳ ವೈರಿಂಗ್ ಕೆಲಸಕ್ಕೆ ಇಳಿದು ಮೂವತ್ತೊಂದು ವರ್ಷವಾಗಿತ್ತು. ಎಂಜಿನ್ ಬಿಚ್ಚುವವರಿಗೆ ನಿಂತು ಕೆಲಸ ಮಾಡುವ ಭಾಗ್ಯವಾದರೂ ಇದೆ. ಮೀಟರಣ್ಣನದೆಲ್ಲ ಚಾಲಕನ ಮುಂದಿನ ಫಲಕದ ಕೆಳಗೆ ಅಂಗಾತ ಮಲಗಿ, ಎರಡೂ ಕೈ ಮೇಲೆತ್ತಿಕೊಂಡು ಮಾಡುವ ಕೆಲಸ. ಐವತ್ತೆಂಟಕ್ಕೆ ಅವನ ತೋಳು ತಲೆ ಬಾಚಿಕೊಳ್ಳುವಷ್ಟೂ ಮೇಲೇಳುತ್ತಿರಲಿಲ್ಲ. "ಬಾಚೋಕೆ ಕೂದ್ಲೂ ಉಳಿದಿಲ್ವಲ್ಲ, ಎರಡಕ್ಕೂ ಸರಿಹೋಯ್ತು ಬಿಡಿ" ಎಂದು ಹೆಂಡತಿ ಸಮಾಧಾನ ಹೇಳುತ್ತಿದ್ದಳು.

ಎದುರು ದಡದಿಂದ ರೋಗಿಗಳನ್ನು ಕರೆತರುವ ಆಸ್ಪತ್ರೆಯ ವೇಗದ ದೋಣಿ ಮೂರು ತಿಂಗಳಿಂದ ಕಟ್ಟೆಯಲ್ಲೇ ನಿಂತಿತ್ತು. ಒಂದು ಸಂಜೆ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ತರುವಾಗ ನಡುನೀರಿನಲ್ಲಿ ಡೀಸೆಲ್ ಮುಗಿದು ಎಂಜಿನ್ ಸತ್ತಿತ್ತು. ಬೇರೆ ದೋಣಿ ಬಂದು ಎಳೆದೊಯ್ಯುವಷ್ಟರಲ್ಲಿ ಎರಡು ಗಂಟೆ ಕಳೆದು, ಮಗು ಅಲ್ಲೇ ಹುಟ್ಟಿಬಿಟ್ಟಿತ್ತು. ತಾಯಿ ಒಂದು ವಾರ ಸಾವು ಬದುಕಿನ ನಡುವೆ ತೂಗಾಡಿ ಉಳಿದುಕೊಂಡಳು. "ಡೀಸೆಲ್ ಮೀಟರಿನ ಮುಳ್ಳು ಕಾಲು ಟ್ಯಾಂಕ್ ತೋರಿಸ್ತಿತ್ತು" ಎಂದು ಚಾಲಕ ಬಡಕೊಂಡ. ಮರುದಿನ ಹಾಡಹಗಲಿನಲ್ಲಿ ತನಿಖೆಯವರು ನೋಡಿದಾಗ ಮುಳ್ಳು ಸೊನ್ನೆಯ ಮೇಲೆ ನೆಟ್ಟಗೆ ಕೂತಿತ್ತು. ಚಾಲಕನ ಮಾತಿಗೆ ಬೆಲೆ ಉಳಿಯಲಿಲ್ಲ. ಅವನನ್ನು ದೋಣಿಯಿಂದ ಇಳಿಸಿ, ಉಗ್ರಾಣದಲ್ಲಿ ಹಗ್ಗ ಅಳೆದು ಕೊಡುವ ಕೆಲಸಕ್ಕೆ ಹಾಕಿದರು.

ದೋಣಿಯನ್ನು ಮತ್ತೆ ಓಡಿಸುವ ಮುಂಚೆ ಮೀಟರುಗಳಿಗೆಲ್ಲ ಹೊಸ ವೈರಿಂಗ್ ಆಗಬೇಕೆಂದು ಆಸ್ಪತ್ರೆಯ ಮೇಲ್ವಿಚಾರಕಿ ಮೀಟರಣ್ಣನಿಗೆ ಹೇಳಿಕಳಿಸಿದಳು. ಅವನು ಬೆಳಿಗ್ಗೆ ಎಂಟಕ್ಕೆ ಹೋಗಿ ಕೀಲಿ ತಿರುಗಿಸಿದ. ಡೀಸೆಲ್ಲು, ಎಣ್ಣೆ ಒತ್ತಡ, ಬಿಸಿ, ಬ್ಯಾಟರಿ, ಎಂಜಿನ್ ವೇಗ, ಹೀಗೆ ಐದು ಮೀಟರುಗಳು ಸಾಲಾಗಿದ್ದವು. ಖಾಲಿ ಟ್ಯಾಂಕಿಗೆ ತಕ್ಕಂತೆ ಡೀಸೆಲ್ ಮುಳ್ಳು ಸೊನ್ನೆಯಲ್ಲಿತ್ತು. ಗಾಜಿನ ಮೇಲಿನ ಧೂಳಿನಲ್ಲಿ ಅಂಕಿ ಕಾಣದೆ ಅವನು ಫಲಕದ ದೀಪ ಹಾಕಿದ. ಮುಳ್ಳು ನಿಧಾನವಾಗಿ ಎದ್ದು ಕಾಲು ಟ್ಯಾಂಕಿಗೆ ಬಂತು. ದೀಪ ಆರಿಸಿದ, ಇಳಿಯಿತು. ಮತ್ತೆ ಹಾಕಿದ, ಏರಿತು.

ಮೀಟರಣ್ಣ ಚಾಲಕನ ಕುರ್ಚಿಯಲ್ಲಿ ಕೂತುಬಿಟ್ಟ. ಬ್ಯಾಟರಿಯಿಂದ ಹೊರಟ ಕರೆಂಟು ಕಪ್ಪು ತಂತಿಯಲ್ಲಿ ವಾಪಸ್ ಬರಬೇಕು. ಆ ವಾಪಸ್ ದಾರಿ ಎಲ್ಲೋ ಕೆಟ್ಟಿದ್ದರೆ, ದೀಪದ ಕರೆಂಟೂ ಅದೇ ಇಕ್ಕಟ್ಟಿನಲ್ಲಿ ನುಗ್ಗಿ ಮೀಟರಿನ ಲೆಕ್ಕ ತಪ್ಪಿಸುತ್ತದೆ. ಚಾಲಕ ಕತ್ತಲಾಗುವ ಹೊತ್ತಿಗೆ ದೀಪ ಹಾಕಿಕೊಂಡಿದ್ದ, ತನಿಖೆಯವರು ಹಗಲಿನಲ್ಲಿ ದೀಪ ಹಾಕದೆ ನೋಡಿದ್ದರು. ಇಷ್ಟೇ ನಡೆದಿದ್ದು.

ಅವನು ಫಲಕದ ತಿರುಪು ಬಿಚ್ಚಿ, ಗೋಣಿಚೀಲ ಹಾಸಿ, ಕೆಳಗೆ ತೂರಿಕೊಂಡ. ಐದು ಮೀಟರುಗಳ ಮತ್ತು ದೀಪದ ಕಪ್ಪು ತಂತಿಗಳು ಒಂದರಿಂದೊಂದಕ್ಕೆ ಸುತ್ತಿಕೊಂಡು ಬಂದು ಕೊನೆಗೆ ಒಂದೇ ಗಂಟಿನಲ್ಲಿ ಸೇರಿದ್ದವು. ಗಂಟಿಗೆ ಕಪ್ಪು ಟೇಪು. ಟೇಪಿನ ತುದಿ ಒಳಕ್ಕೆ ಮಡಚಿತ್ತು.

ಮುಂದೆ ಬಿಚ್ಚುವವರಿಗೆ ಸುಲಭವಾಗಲಿ ಎಂದು ಟೇಪಿನ ತುದಿಯನ್ನು ಹಾಗೆ ಮಡಚುವವನು ಆ ಕಟ್ಟೆಯಲ್ಲಿ ಒಬ್ಬನೇ ಇದ್ದ.

ಟೇಪು ಬಿಡಿಸಿದರೆ ತಾಮ್ರ ಎಳೆಯಷ್ಟೇ ಉಳಿದಿತ್ತು, ಮಿಕ್ಕದ್ದು ಉಪ್ಪುನೀರಿಗೆ ಸವೆದು ಹಸಿರು ಪುಡಿಯಾಗಿ ಅವನ ಕಣ್ಣಿಗೆ ಉದುರಿತು. ಒಂಬತ್ತು ವರ್ಷದ ಹಿಂದಿನ ಮಧ್ಯಾಹ್ನ ನೆನಪಾಯಿತು. ಅವನ ತಾಯಿ ಬಚ್ಚಲಲ್ಲಿ ಬಿದ್ದಿದ್ದಾಳೆಂದು ಪಕ್ಕದ ಮನೆಯವರು ಫೋನ್ ಮಾಡಿದ್ದರು. ಸದ್ಯಕ್ಕಿರಲಿ, ನಾಳೆ ಬಂದು ಸರಿಯಾಗಿ ಮಾಡೋಣ ಎಂದು ತಂತಿ ಹೊಸೆದು, ಟೇಪು ಸುತ್ತಿ ಓಡಿದ್ದ. ಆಮೇಲೆ ಆಸ್ಪತ್ರೆ, ಹಾಸಿಗೆ, ಮಗ್ಗುಲು ಬದಲಿಸುವುದು. ಆ ನಾಳೆ ಬರಲೇ ಇಲ್ಲ.

ಮಧ್ಯಾಹ್ನ ಕಟ್ಟೆಯ ಕೂಲಿಯವನೊಬ್ಬ ಬಗ್ಗಿ ನೋಡಿ, "ಏನಣ್ಣಾ, ಏನಾದ್ರೂ ಸಿಕ್ತಾ?" ಎಂದ. ಮೀಟರಣ್ಣ "ಏನಿಲ್ಲಪ್ಪ" ಎಂದುಬಿಟ್ಟ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆನೋ ಏನೋ ಎಂದು ಆಮೇಲೆ ಇಡೀ ದಿನ ಅವನಿಗೇ ಅನುಮಾನ.

ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಒಗೆದ ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿದಳು.

"ಬೇರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ. ಆ ಗಂಟು ಎಸೆದ್ರೆ ಯಾರಿಗೂ ಗೊತ್ತಾಗಲ್ಲ."

"ಎಸೆದ್ರಾ?"

"ಜೇಬಲ್ಲಿದೆ."

ಅವಳು "ಜೇಬಲ್ಲಿ ಇಟ್ಕೊಂಡು ಬಂದೋರು ನನ್ನ ಯಾಕೆ ಕೇಳ್ತೀರಾ" ಎಂದು ಮತ್ತೆ ಬಟ್ಟೆ ಕೈಗೆತ್ತಿಕೊಂಡಳು.

ಮುಂದಿನ ಮೂರು ದಿನ ಮೀಟರಣ್ಣ ಆ ಫಲಕದ ಕೆಳಗೇ ಇದ್ದ. ಹಳೆಯದೆಲ್ಲ ಕಿತ್ತ. ತವರ ಹಚ್ಚಿದ ಹೊಸ ತಂತಿ ತಂದ. ಹಿತ್ತಾಳೆಯ ಪಟ್ಟಿಯೊಂದನ್ನು ನೀರು ತಾಗದ ಜಾಗದಲ್ಲಿ ತಿರುಪು ಹಾಕಿ ಕೂರಿಸಿ, ಪ್ರತಿ ಮೀಟರಿನಿಂದಲೂ, ದೀಪದಿಂದಲೂ ಬೇರೆ ಬೇರೆ ಕಪ್ಪು ತಂತಿಯನ್ನು ಅದಕ್ಕೆ ಎಳೆದ. ಹತ್ತು ನಿಮಿಷಕ್ಕೊಮ್ಮೆ ಕೈ ಜೋಮು ಹಿಡಿದು ಇಕ್ಕಳ ಎದೆಯ ಮೇಲೆ ಬೀಳುತ್ತಿತ್ತು. ಆಗ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ನೀರು ದೋಣಿಯ ಪಕ್ಕೆಗೆ ಬಡಿಯುವುದನ್ನು ಕೇಳುತ್ತ ಮಲಗಿರುತ್ತಿದ್ದ. ಅಲ್ಲೇ ನಿದ್ದೆ ಹೋದರೆ ಎಷ್ಟು ಚೆನ್ನ ಅನಿಸುತ್ತಿತ್ತು. ಎರಡನೇ ದಿನ ಒಮ್ಮೆ ಹೋದದ್ದೂ ಉಂಟು. ಮೂರನೇ ದಿನ ದೀಪ ಹಾಕಿ ಆರಿಸಿ, ಹಾಕಿ ಆರಿಸಿ ನೋಡಿದ. ಐದು ಮುಳ್ಳೂ ಕದಲಲಿಲ್ಲ.

ಅಲ್ಲಿಂದ ಎದ್ದವನೇ ಮೇಲ್ವಿಚಾರಕಿಯ ಕೋಣೆಗೆ ಹೋಗಿ ಹಳೆಯ ಗಂಟನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದ. ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

"ಆ ವಿಚಾರಣೆ ಮುಗಿದುಹೋಗಿದೆ. ಈಗ್ಯಾಕೆ ಕೆದಕ್ತೀರಾ?"

"ತಪ್ಪು ಅವನದಲ್ಲ."

"ನಿಮ್ಮದು ಅಂತ ಬರೆದುಕೊಡ್ತೀರಾ? ಬರೆದುಕೊಟ್ಟರೆ ನಮ್ಮ ದೋಣಿ ಮತ್ತೆ ನಿಮ್ಮ ಕೈಗೆ ಕೊಡೋಕಾಗಲ್ಲ. ಗೊತ್ತಲ್ಲ?"

"ಗೊತ್ತು. ಪೆನ್ನು ಕೊಡಿ."

ಬರೆಯಲು ಅರ್ಧ ಗಂಟೆ ಹಿಡಿಯಿತು, ಬೆರಳು ಮಡಚುತ್ತಿರಲಿಲ್ಲ. ಸಹಿ ಹಾಕಿ ನೇರ ಉಗ್ರಾಣಕ್ಕೆ ನಡೆದ. ಚಾಲಕ ಹಗ್ಗದ ಸುರುಳಿಯ ಮೇಲೆ ಕೂತಿದ್ದ. ನಲವತ್ತರ ಆಳು, ಮೂರು ತಿಂಗಳಲ್ಲಿ ಐವತ್ತು ದಾಟಿದವನ ಹಾಗೆ ಕಾಣುತ್ತಿದ್ದ. ಮೀಟರಣ್ಣ ನಿಂತುಕೊಂಡೇ ಎಲ್ಲ ಹೇಳಿದ. ಬೈದಾನು, ಕೈ ಎತ್ತಿಯಾನು ಎಂದು ಕಾದ. ಚಾಲಕ ಅಳತೆಯ ಕೋಲನ್ನು ಗೋಡೆಗೊರಗಿಸಿದ.

"ಹಂಗಾದ್ರೆ ನಾನು ನೋಡಿದ್ದು ನಿಜ."

"ನಿಜ."

"ನನಗೇ ನಂಬಿಕೆ ಹೋಗಿತ್ತು ಅಣ್ಣ. ನಾನೇ ನೋಡ್ಲಿಲ್ವೇನೋ ಅಂತ." ಅವನು ಮುಖ ತಿರುಗಿಸಿದ. "ಆಫೀಸು ಬಿಡಿ. ನಮ್ಮನೆಗೆ ಬಂದು ನನ್ನ ಹೆಂಡ್ತಿಗೆ ಹೇಳ್ತೀರಾ?"

ಚಾಲಕನ ಹೆಂಡತಿ ಅದೇ ಆಸ್ಪತ್ರೆಯಲ್ಲಿ ಆಯಾ. ಆ ಬಾಣಂತಿಯ ರಕ್ತದ ಬಟ್ಟೆ ಬದಲಿಸಿದವಳು ಅವಳೇ. ಅಂದಿನಿಂದ ಗಂಡನ ಜೊತೆ ಅಗತ್ಯಕ್ಕೆ ತಕ್ಕಷ್ಟೇ ಮಾತು.

ಎರಡು ಕೋಣೆಯ ಮನೆ. ಅವಳು ಕೆಲಸದಿಂದ ಆಗಷ್ಟೇ ಬಂದು ಕಾಲು ತೊಳೆದು ಕೂತಿದ್ದಳು. ಮೀಟರಣ್ಣ ನಾಲ್ಕನೇ ಸಲ ಅದೇ ಕಥೆ ಹೇಳಿದ. ಈ ಸಲ ಅಮ್ಮ ಬಿದ್ದದ್ದನ್ನು ಬಿಟ್ಟು ಹೇಳಿದ, ನೆಪ ಹೇಳಿದ ಹಾಗಾಗುತ್ತದೆಂದು. ಅವಳೇ ಕೇಳಿದಳು.

"ಅಷ್ಟು ಅವಸರದಲ್ಲಿ ಯಾಕೆ ಹೋದ್ರಿ?"

ಹೇಳಿದ.

"ನಿಮ್ಮಮ್ಮ ಉಳಿದ್ರಾ?"

"ಉಳಿದ್ರು. ಮಲಗಿದಲ್ಲೇ ನಾಲ್ಕು ವರ್ಷ."

ಅವಳು ತಲೆಯಾಡಿಸಿದಳು. ಮಲಗಿದವರ ಆರೈಕೆ ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿ, "ಅಲ್ಲೇ ಯಾಕೆ ನಿಂತಿದ್ದೀರಾ, ಒಳಗೆ ಬನ್ನಿ" ಎಂದಳು. ಆ ದನಿ ಕೇಳಿ ಮೀಟರಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ಐದು ವಾರದ ನಂತರ ಚಾಲಕನನ್ನು ದೋಣಿಗೆ ವಾಪಸ್ ಕರೆದರು. ಮೀಟರಣ್ಣನನ್ನು ಆಸ್ಪತ್ರೆಯವರು ಮತ್ತೆ ಕರೆಯಲಿಲ್ಲ. ಸುದ್ದಿ ಹರಡಿ ಇನ್ನಿಬ್ಬರು ಮಾಲೀಕರೂ ದೂರವಾದರು. ಉಳಿದವರ ಕೆಲಸ ವಾರಕ್ಕೆ ಮೂರು ದಿನಕ್ಕಾಗುವಷ್ಟಿತ್ತು. ಹಳೆಯ ದೋಣಿಗಳಲ್ಲಿ ತಾನು ಮಾಡಿದ ಗಂಟುಗಳನ್ನು ಒಂದೊಂದಾಗಿ ಹೋಗಿ ನೋಡತೊಡಗಿದ. ಹದಿನಾಲ್ಕು ದೋಣಿ ನೋಡಿದ ಮೇಲೂ ಅಂಥದ್ದು ಇನ್ನೊಂದು ಸಿಕ್ಕಿರಲಿಲ್ಲ. ಇನ್ನೂ ಇಪ್ಪತ್ತರಷ್ಟು ಬಾಕಿ ಇದ್ದವು.