ಬಾನೆಟ್ಟಿನೊಳಗಿನ ಕಾಯಿ

ಬೆಟಗೇರಿಯ ಕಲ್ಲಣ್ಣ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪೂರ್ತಿ ಕೇಳಿದ ಮೇಲೆ ನಿಮಗೆ ಹಾಗನ್ನಿಸಲಿಕ್ಕಿಲ್ಲ. ನನಗೂ ಈಗೀಗ ಅನ್ನಿಸುವುದಿಲ್ಲ.

ಅವನದು ಮಗ್ಗದ ಮನೆ. ಸೀರೆ ನೇಯ್ದು ಬದುಕು ಸಾಗದೆ ಪಿಕಪ್ ಗಾಡಿ ತಗೊಂಡ. ಹಮ್ಮಿಗಿ, ಸಿಂಗಟಾಲೂರು ಕಡೆಯ ಹೊಳೆದಂಡೆಯ ತರಕಾರಿಯನ್ನು ಬೆಳಗಿನ ಹರಾಜಿಗೆ ಗದಗ ಮುಟ್ಟಿಸುವುದು ಅವನ ಕೆಲಸ. ಮಗ್ಗದ ಮನೆಗಳಲ್ಲಿ ಅಮಾವಾಸ್ಯೆಗೆ ನೇಯುವುದಿಲ್ಲ. ಮಗ್ಗ ಒರೆಸಿ ಪೂಜೆ ಮಾಡಿ ಸುಮ್ಮನೆ ಕೂಡುತ್ತಾರೆ. ಅವನ ತಾಯಿ ಬನಶಂಕರೆವ್ವ ಎಲ್ಲರ ಹಾಗೆ ಮಗ್ಗದ ಮುಂದೆ ಕಾಯಿ ಒಡೆದವಳಲ್ಲ. ಕಾಲಿಟ್ಟು ತುಳಿಯುವ ಕುಣಿಯೊಳಗೇ ಇಳಿದು ಒಡೆದವಳು. ಎಲ್ಲಿ ದುಡಿಮೆ ನಡೆಯುತ್ತದೋ ಪೂಜೆಯೂ ಅಲ್ಲೇ ಆಗಬೇಕು ಎಂಬುದು ಅವಳ ಹಟ.

ಮಗ್ಗ ಮಾರಿದರೂ ಹಟ ಮಗನಿಗೆ ಬಂತು. ಅಮಾವಾಸ್ಯೆಗೆ ಬೇರೆ ಡ್ರೈವರುಗಳು ಗಾಲಿಯ ಮುಂದೆ ಕಾಯಿ ಒಡೆದರೆ ಇವನು ಬಾನೆಟ್ ಎತ್ತಿ ಎಂಜಿನ್ನಿನ ಕಬ್ಬಿಣದ ಮೇಲೇ ಒಡೆಯುತ್ತಿದ್ದ. ಕಾಯಿನೀರನ್ನು ಅಲ್ಲೇ ಬಿಟ್ಟು, ಕುಂಕುಮ ಹಚ್ಚಿ, ಕೈಮುಗಿದು ನಿಲ್ಲುತ್ತಿದ್ದ. ಆ ನೀರು ಇಳಿದು ಹೋಗುತ್ತಿದ್ದದ್ದು ಪಕ್ಕದಲ್ಲಿದ್ದ ಒಂದು ಪೆಟ್ಟಿಗೆಯ ಮೇಲೆ. ಊಟದ ಡಬ್ಬಿಯಷ್ಟು ದೊಡ್ಡದು. ಎಂಜಿನ್ನಿಗೆ ಯಾವಾಗ ಎಷ್ಟು ಡೀಸೆಲ್ ಕೊಡಬೇಕೆಂದು ಲೆಕ್ಕ ಹಾಕುವ ಕಂಪ್ಯೂಟರು ಅದು.

ನನ್ನ ಪಂಕ್ಚರ್ ಅಂಗಡಿ ಮುಂಡರಗಿ ರಸ್ತೆಯ ಪಿಕಪ್ ಸ್ಟ್ಯಾಂಡಿನ ಎದುರಿಗಿದೆ. ನನ್ನ ಪಕ್ಕದ್ದು ಗಾಡಿಗಳ ವೈರಿಂಗ್ ಮಾಡುವ ಖಲೀಲನ ಅಂಗಡಿ. ಖಲೀಲ, ಕಲ್ಲಣ್ಣ ಒಂದೇ ಶಾಲೆಯಲ್ಲಿ ಓದಿದವರು, ಒಂದೇ ಕಪ್ಪಿನ ಚಹಾ ಎರಡು ಮಾಡಿ ಕುಡಿದವರು. ಹಾಗಾಗಿ ಗಾಡಿ ಡಂಬಳದ ಹತ್ತಿರ ಓಡುತ್ತ ಓಡುತ್ತ ಬಂದ್ ಬೀಳತೊಡಗಿದಾಗ ಕಲ್ಲಣ್ಣ ಬೇರೆ ಯಾರ ಹತ್ತಿರವೂ ಹೋಗಲಿಲ್ಲ. ಬಿಸಿಯಾದರೆ ನಿಲ್ಲುತ್ತಿತ್ತು, ತಣ್ಣಗಾದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು.

ಖಲೀಲ ಮೊದಲು ಸೆನ್ಸರ್ ಮೇಲೆ ಅನುಮಾನಪಟ್ಟು ಒಂದನ್ನು ಬದಲಿಸಿದ. ಅದು ತಪ್ಪಾಗಿತ್ತು. ಸ್ಕ್ಯಾನರ್ ಹಚ್ಚಿದರೆ ಪ್ರತಿಸಲ ಬೇರೆ ಬೇರೆ ದೋಷ ತೋರಿಸುತ್ತಿತ್ತು. ಬ್ಯಾಟರಿ ನೋಡಿದ, ಅರ್ಥಿಂಗ್ ತಂತಿ ತಿಕ್ಕಿ ಕಟ್ಟಿದ, ಸೆನ್ಸರುಗಳಿಗೆ ಕರೆಂಟ್ ಬರುತ್ತದೋ ಇಲ್ಲವೋ ಮೀಟರ್ ಹಿಡಿದು ನೋಡಿದ. ಎಲ್ಲ ಸರಿ ಇತ್ತು. ಕಡೆಗೆ ಕಂಪ್ಯೂಟರಿನ ಪ್ಲಗ್ ಕಿತ್ತ. ಪಿನ್ನುಗಳಿಗೆಲ್ಲ ಹಸಿರು ಕಿಲುಬು ಹತ್ತಿತ್ತು. ಸಂದಿಯಲ್ಲಿ ಕಾಯಿಯ ಜುಂಗು, ಒಣಗಿದ ಕುಂಕುಮ. ನಾನು ಪಕ್ಕದಲ್ಲೇ ನಿಂತಿದ್ದೆ. ಖಲೀಲ ಅದನ್ನು ನೋಡಿದ, ನನ್ನ ಮುಖ ನೋಡಿದ, ಬಟ್ಟೆಯಿಂದ ಒರೆಸಿಬಿಟ್ಟ. ಕಲ್ಲಣ್ಣ ಚಹಾ ಹೇಳಿ ಬಂದಾಗ, ಒಳಗೆ ನೀರು ಹೋಗಿದೆ, ಕಂಪ್ಯೂಟರ್ ಬದಲಿ ಮಾಡಬೇಕು ಎಂದಷ್ಟೇ ಹೇಳಿದ.

ಖಲೀಲನೇ ಹಳೆಯ ಪೆಟ್ಟಿಗೆಯನ್ನೂ ಗಾಡಿಯ ಕೀಲಿಯನ್ನೂ ತಗೊಂಡು ಹುಬ್ಬಳ್ಳಿಗೆ ಹೋದ. ಕೀಲಿಯ ಗುರುತನ್ನು ಹೊಸದಕ್ಕೆ ತುಂಬಿಸದಿದ್ದರೆ ಗಾಡಿ ಚಾಲೂ ಆಗುವುದಿಲ್ಲ. ತುಂಬಿಸಿ ತಂದು ಕೂಡಿಸಿದ. ಗಾಡಿ ಹೊಸ ಮದುಮಗನ ಹಾಗೆ ಹೊರಟಿತು. ಪೆಟ್ಟಿಗೆಯ ಮೇಲೆ ನನ್ನ ಅಂಗಡಿಯ ಹಳೆಯ ಟ್ಯೂಬ್ ಕತ್ತರಿಸಿ ಒಂದು ರಬ್ಬರ್ ಮುಸುಕು ಹಾಕಿದ್ದ. ಮಳೆಗಾಲ ಐತಿ, ತಗೀಬ್ಯಾಡ ಅಂದಿದ್ದ.

ತೊಳೆಯುವಾಗಲೇ ನೀರು ಒಳಗೆ ಹೋಗಿರಬೇಕೆಂದು ಕಲ್ಲಣ್ಣ ಗಾಡಿಗೆ ನೀರು ಹೊಡೆಸುವುದನ್ನು ಬಿಟ್ಟ. ಆದರೆ ಅಮಾವಾಸ್ಯೆ ಬಂದಾಗ, ಪೂಜೆಯ ಜಾಗದಲ್ಲಿ ಹರಕು ಟ್ಯೂಬ್ ಇರಬಾರದೆಂದು ಮುಸುಕು ತೆಗೆದು, ಕಾಯಿ ಒಡೆದು, ಮತ್ತೆ ಶ್ರದ್ಧೆಯಿಂದ ಮುಚ್ಚಿಟ್ಟ. ಪ್ರತಿ ಅಮಾವಾಸ್ಯೆಗೂ ಹಾಗೇ ಮಾಡಿದ. ಮುಸುಕಿನ ಕೆಳಗೆ ನೀರು ಆರುವುದಕ್ಕೂ ದಾರಿಯಿರಲಿಲ್ಲ. ಇಂಥವನಿಗೆ ಏನನ್ನಬೇಕು?

ಬೇಸಿಗೆಯಲ್ಲಿ ಹಮ್ಮಿಗಿಯಿಂದ ಸೌತೆಕಾಯಿ ಹೇರಿಕೊಂಡು ಬರುವಾಗ ಗಾಡಿ ಸತ್ತೇ ಹೋಯಿತು. ಮಾಲು ಬಿಸಿಲಲ್ಲಿ ಕುದ್ದುಹೋಯಿತು. ಆ ರೈತರು ಮುಂದೆ ಅವನಿಗೆ ಮಾಲು ಕೊಡಲಿಲ್ಲ. ಕಲ್ಲಣ್ಣ ಸಿಟ್ಟಿನಲ್ಲಿ ಸ್ಟ್ಯಾಂಡಿಗೆ ಬಂದು, ಖಲೀಲ ಗುಜರಿ ಕಂಪ್ಯೂಟರ್ ಕೂಡಿಸಿ ಕುತ್ತಿಗೆ ಕೊಯ್ದ ಎಂದು ಎಲ್ಲರೆದುರು ಕೂಗಾಡಿದ. ಸ್ಟ್ಯಾಂಡಿನ ಹಿರಿತನ ತನ್ನದೇ ಎಂದು ತಿಳಿದಿರುವ ಹುಚ್ಚೀರಪ್ಪನಿಗೆ ಇಷ್ಟೇ ಬೇಕಾಗಿತ್ತು. ಅಂಥವರ ಕೈಗೆ ಗಾಡಿ ಯಾಕೆ ಕೊಟ್ಟಿ ಎಂದ. 'ಅಂಥವರು' ಎಂದರೆ ಯಾರೆಂದು ಅಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ತಿಳಿದಿತ್ತು. ಮರುದಿನದಿಂದ ಸ್ಟ್ಯಾಂಡಿನ ಗಾಡಿಗಳು ಖಲೀಲನ ಅಂಗಡಿ ದಾಟಿ ಮುಂದೆ ಹೋಗತೊಡಗಿದವು.

ಕಲ್ಲಣ್ಣ ಗಾಡಿಯನ್ನು ಎಳೆಸಿಕೊಂಡು ಹುಬ್ಬಳ್ಳಿಯ ಒಂದು ದೊಡ್ಡ ಗ್ಯಾರೇಜಿಗೆ ಒಯ್ದ. ಅಲ್ಲಿಯ ಮೆಕ್ಯಾನಿಕ್, ಹಣೆಗೆ ವಿಭೂತಿ ಹಚ್ಚಿದವನು, ಮುಸುಕು ಎತ್ತಿದವನೇ ನಕ್ಕು ಬೈದನಂತೆ. ಯಜಮಾನ್ರ, ಕಾಯಿನ ನೆಲಕ್ಕ ಒಡೀರಿ, ಕಂಪ್ಯೂಟರಿಗೆ ಯಾಕ ಕುಡಸ್ತೀರಿ ಅಂದನಂತೆ. ಅವನಿಗೆ ಅದನ್ನು ಹೇಳಲು ಅರೆಗಳಿಗೆಯೂ ಹಿಡಿಯಲಿಲ್ಲ. ಕಲ್ಲಣ್ಣನೂ ನಕ್ಕನಂತೆ.

ಗಾಡಿ ರಿಪೇರಿಯಾಗಿ ಬಂದ ದಿನ ನೆಟ್ಟಗೆ ಖಲೀಲನ ಅಂಗಡಿಗೆ ಬಂದ. ನನ್ನ ಅಂಗಡಿಗೂ ಅವನದಕ್ಕೂ ನಡುವೆ ಬರೀ ತಗಡು, ಎಲ್ಲ ಕೇಳಿಸುತ್ತದೆ. ಮೊದಲ ಸಲವೇ ಗೊತ್ತಿತ್ತೋ ಇಲ್ಲವೋ ಎಂದು ಕೇಳಿದ. ಗೊತ್ತಿತ್ತು ಎಂದ ಖಲೀಲ.

"ಮತ್ತ ಯಾಕ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ ಕಲ್ಲಣ್ಣ? ನಿನ್ನ ಪೂಜಿ ತಪ್ಪೈತಿ ಅಂತ ನನ್ನ ಬಾಯಿಂದ ಬಂದಿದ್ರ ಏನ ಆಕ್ಕಿತ್ತು, ನಿನಗ ಗೊತ್ತಿಲ್ಲೇನು? ಹಿಂದಿನ ಕಾಲ ಆಗಿದ್ರ ಬೈದ ಹೇಳ್ತಿದ್ನಿ."

ಕಲ್ಲಣ್ಣ ಅತ್ತ. ಸ್ಟ್ಯಾಂಡಿನಲ್ಲಿ ನಿಜ ಹೇಳಿ ನಿನ್ನ ಹೆಸರು ತೊಳೆಯುತ್ತೇನೆ ಎಂದ. ಖಲೀಲ ಅವನ ಕೈ ಹಿಡಿದು ಬೇಡಿಕೊಂಡ. ಕಳ್ಳ ಅಂದರೆ ಅನ್ನಲಿ, ಗಿರಾಕಿ ಇಂದಲ್ಲ ನಾಳೆ ಬರುತ್ತಾರೆ, ಕಾಯಿಯ ಮಾತು ಮಾತ್ರ ಎತ್ತಬೇಡ ಎಂದ.

ಕಲ್ಲಣ್ಣ ಕೇಳಬೇಕಲ್ಲ. ಅವನಿಗೆ ಮನಸ್ಸು ಹಗುರ ಮಾಡಿಕೊಳ್ಳುವ ಅವಸರ. ರಸ್ತೆ ದಾಟಿ ಹೋಗಿ, ಎಲ್ಲರನ್ನೂ ಕೂಡಿಸಿ, ತಪ್ಪು ನನ್ನದು, ಗಾಡಿ ಕೆಡಿಸಿದ್ದು ನಾನು ಒಡೆದ ಕಾಯಿ, ಖಲೀಲನಿಗೆ ಮೊದಲೇ ತಿಳಿದಿತ್ತು ಎಂದ. ಹುಚ್ಚೀರಪ್ಪ ಎಲೆ ಅಡಿಕೆ ಉಗುಳಿ ನಿಧಾನ ಕೇಳಿದ:

"ಅಂದ್ರ, ನಮ್ಮ ಪೂಜಿಯಿಂದ ಗಾಡಿ ಕೆಡ್ತಾವು ಅಂತ ಹೇಳ್ಯಾನು ಅವ?"

ಹಾಗಲ್ಲ, ಅವನು ಹೇಳಲೇ ಇಲ್ಲ ಎಂದು ಕಲ್ಲಣ್ಣ ಗಂಟಲು ಹರಿದುಕೊಂಡ. ಯಾರು ಕೇಳುತ್ತಾರೆ? ಸಂಜೆಯ ಹೊತ್ತಿಗೆ ಖಲೀಲ ಪೂಜೆಯ ಕುಂಕುಮವನ್ನು ಹೊಲಸು ಬಟ್ಟೆಯಿಂದ ಒರೆಸಿದ ಎಂಬಲ್ಲಿಗೆ ಸುದ್ದಿ ಬೆಳೆದಿತ್ತು. ಕೆಲವರು ವಿಚಾರಿಸಲು ಬಂದರು. ಕೈ ಮಾಡಲಿಲ್ಲ, ಬರೀ ಅಂಗಡಿಯ ಮುಂದೆ ನಿಂತು ಹೆಸರು, ಓಣಿ, ಮನೆ ಎಲ್ಲಿ ಎಂದು ಕೇಳಿದರು. ಅವನ ತಾಯಿ ಮಾಸುಮಬಿ ಮರುದಿನವೇ ಗಂಟು ಕಟ್ಟಿಸಿದಳು. ಬೋರ್ಡು ಇಳಿಸುವಾಗ ಏಣಿ ಹಿಡಿದವನು ನಾನು.

ಈಗ ಖಲೀಲ ಲಕ್ಷ್ಮೇಶ್ವರದಲ್ಲಿ ಯಾರದೋ ಅಂಗಡಿಯಲ್ಲಿ ಬೈಕುಗಳ ಹಾರ್ನ್ ರಿಪೇರಿ ಮಾಡುತ್ತಾನೆ. ಕಲ್ಲಣ್ಣನ ಗಾಡಿ ಎಲ್ಲೂ ನಿಲ್ಲದೆ ಓಡುತ್ತಿದೆ. ಒಂದು ದಿನ ನನ್ನನ್ನೂ ಕೂಡಿಸಿಕೊಂಡು ಅಲ್ಲಿಗೆ ಹೋದ. ಖಲೀಲ ಚಹಾ ತರಿಸಿದ, ಬನಶಂಕರೆವ್ವನ ಮಂಡಿನೋವು ಕೇಳಿದ. ವಾಪಸ್ ಬಾ, ಮಂದಿ ಎಲ್ಲ ಮರೆತಿದ್ದಾರೆ ಎಂದು ಕಲ್ಲಣ್ಣ ಗೋಗರೆದ. ಖಲೀಲ ಕೈಯಲ್ಲಿದ್ದ ಹಾರ್ನನ್ನು ಕೆಳಗಿಟ್ಟ.

"ಇನ್ನೊಮ್ಮಿ ಈ ಕಡೆ ಬರಬ್ಯಾಡ ಕಲ್ಲಣ್ಣ. ಯಾಕ ಬಂದಿದ್ದಿ ಅಂತ ಇಲ್ಲಿ ಯಾರರ ಕೇಳ್ತಾರ. ನೀ ಖರೆ ಹೇಳ್ತಿ."