ನನ್ನನ್ನು ಬಿಟ್ಟು ಎಣಿಸಿದ ಲೆಕ್ಕ

ನನಗೆ ಏಳರವರೆಗೆ ಎಣಿಸಲು ಬರುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಹಳ್ಳಿಹಳ್ಳಿಗೆ ಕುಡಿಯುವ ನೀರಿನ ಪೈಪು ಹಾಕಿಸಿದ, ಐವತ್ತು ದಾಟಿದ ಎಂಜಿನಿಯರ್ ಹೀಗೆ ಒಪ್ಪಿಕೊಳ್ಳುವುದು ನಾಚಿಕೆಗೇಡೇ ಸರಿ. ಆದರೆ ಒಮ್ಮೆ ಪರೀಕ್ಷೆಯಲ್ಲಿ ಫೇಲಾದವನಿಗೆ ನಾಚಿಕೆ ಅರ್ಧಕ್ಕರ್ಧ ಕಡಿಮೆಯಾಗಿರುತ್ತದೆ.

ಪರೀಕ್ಷೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನದು. ಕುಂದಗೋಳದ ನನ್ನ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದೆ. ಪಾಸಾದರೆ ಬಡ್ತಿ ಸಿಗಬಹುದೆಂದು ಆಫೀಸಿನಲ್ಲಿ ಹೇಳಿಕೊಂಡಿದ್ದೆ. ನಿಮ್ಮ ಮುಂದೆ ಸುಳ್ಳೇಕೆ? ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಯಿತು, ಮಕ್ಕಳಿಲ್ಲ. ಕೆಲಸದಿಂದ ಬಂದು ಬೀಗ ತೆಗೆದ ಮೇಲೆ ನನ್ನ ಜೊತೆ ಮಾತಾಡುವವರು ಯಾರೂ ಇರುವುದಿಲ್ಲ. ಆ ಸಂಜೆಗಳಿಗೆ ಏನಾದರೂ ಕೆಲಸ ಕೊಡಬೇಕೆಂದು ಪುಸ್ತಕ ತಂದೆ.

ಪುಸ್ತಕದ ಲೆಕ್ಕಗಳು ಮೋಜಿನವು. ಒಂದು ಕೆಲಸಕ್ಕೆ ಎಲ್ಲಾ ಚೆನ್ನಾಗಿ ನಡೆದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು ದಿನ, ಎಲ್ಲಾ ಕೆಟ್ಟರೆ ಎಷ್ಟು ದಿನ ಎಂದು ಮೂರು ಅಂದಾಜು ಕೇಳಬೇಕು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ನಮ್ಮ ಮೇಸ್ತ್ರಿಯನ್ನು ಹಾಗೇ ಕೇಳಿದೆ. ಮೂರಕ್ಕೂ ಅವನದು ಒಂದೇ ಉತ್ತರ: "ನಾಳಿ ಮುಗಿತೈತ್ರೀ ಸಾಹೇಬ್ರ." ಸೂತ್ರಕ್ಕೆ ಹಾಕಿ ನೋಡಿದೆ, ನಾಳೆ ಎಂದೇ ಬಂತು. ಆ ನಾಳೆ ಬಂದು ಹೋಗಿ ಎರಡು ವಾರವಾಯಿತು, ಎರೆಮಣ್ಣಿನ ಕೆಸರಿನಲ್ಲಿ ಪೈಪು ಇನ್ನೂ ಹಾಗೇ ಬಿದ್ದಿದೆ.

ನನ್ನನ್ನು ಕೆಡವಿದ್ದು ಇನ್ನೊಂದು ಲೆಕ್ಕ. ತಂಡದಲ್ಲಿ ಎಷ್ಟು ಜನರಿದ್ದಾರೋ ಆ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯಾದದ್ದರಿಂದ ಗುಣಿಸಿ ಎರಡರಿಂದ ಭಾಗಿಸಿದರೆ, ಅವರ ನಡುವೆ ಮಾತಿನ ದಾರಿಗಳು ಎಷ್ಟೆಂದು ಗೊತ್ತಾಗುತ್ತದೆ. ಪ್ರಶ್ನೆ ಹೀಗಿರುತ್ತದೆ: ನಿಮ್ಮ ಕೈಕೆಳಗೆ ಆರು ಜನರಿದ್ದಾರೆ, ದಾರಿಗಳೆಷ್ಟು? ನಾನು ಹದಿನೈದು ಎಂದು ಬರೆಯುತ್ತಿದ್ದೆ. ಸರಿಯುತ್ತರ ಇಪ್ಪತ್ತೊಂದು. ಆರು ಜನರ ಜೊತೆ ಮ್ಯಾನೇಜರನೂ ಒಬ್ಬ ಮನುಷ್ಯನಂತೆ, ಅವನನ್ನೂ ಸೇರಿಸಬೇಕಂತೆ. ಅಭ್ಯಾಸದ ಹಾಳೆಗಳಲ್ಲಿ ಪ್ರತಿಸಲವೂ ನನ್ನನ್ನು ನಾನೇ ಬಿಟ್ಟು ಎಣಿಸುತ್ತಿದ್ದೆ.

ಸೂತ್ರವನ್ನು ಸಂಶಿಯಲ್ಲಿದ್ದ ನಮ್ಮ ಹಳೆಯ ಮನೆಗೆ ಹಚ್ಚಿ ನೋಡಿದೆ. ಹನ್ನೊಂದು ಜನ, ಐವತ್ತೈದು ದಾರಿಗಳು. ಆದರೆ ಸೂತ್ರ ಬರೆದವರು ನಮ್ಮ ಮನೆ ಕಂಡವರಲ್ಲ. ಆಗ ಸೊಸೆಯಂದಿರು ಮಾವನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಅವ್ವ ಬಾಗಿಲ ಮರೆಯಲ್ಲಿ ನಿಂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬೆಕ್ಕಿಗೆ ಹೇಳುತ್ತಿದ್ದಳು: "ರೊಟ್ಟಿ ಆರಾಕತ್ತಾವು ಅಂತ ಮಾವಾರಿಗೆ ಹೇಳಬೇ." ಅಜ್ಜನೂ ಗಂಭೀರವಾಗಿ ಬೆಕ್ಕಿನ ಕಡೆಗೆ ನೋಡಿ, "ಬಂದ್ನಿ ಅಂತ ಹೇಳು" ಎನ್ನುತ್ತಿದ್ದ. ಬೆಕ್ಕು ಎಂದೂ ಏನನ್ನೂ ಯಾರಿಗೂ ಮುಟ್ಟಿಸಲಿಲ್ಲ. ಆದರೂ ಅಜ್ಜ ಒಂದು ದಿನವೂ ಆರಿದ ರೊಟ್ಟಿ ತಿನ್ನಲಿಲ್ಲ.

ಆಮೇಲೆ ಸೂತ್ರವನ್ನು ಈಗಿನ ಮನೆಗೆ ಹಚ್ಚಿದೆ. ಹೆಂಡತಿ ಇದ್ದಾಗ ಇಬ್ಬರು, ಒಂದು ದಾರಿ. ಈಗ ಒಬ್ಬ. ಒಂದನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಅದನ್ನು ಎರಡರಿಂದ ಭಾಗಿಸುವ ಅಗತ್ಯವೂ ಇಲ್ಲ. ಅವತ್ತು ಪುಸ್ತಕ ಮುಚ್ಚಿಟ್ಟುಬಿಟ್ಟೆ. ಮರುವಾರ ಆಶಾ ಕಾರ್ಯಕರ್ತೆಯೊಬ್ಬರು ದೊಡ್ಡ ರಿಜಿಸ್ಟರು ಹಿಡಿದು ಬಂದರು.

"ಮನ್ಯಾಗ ಎಷ್ಟ ಮಂದಿ ಅದೀರ್ರಿ?"

"ಯಾರೂ ಇಲ್ರಿ."

ಆಕೆ ಪೆನ್ನು ಎತ್ತಿ ನನ್ನನ್ನೇ ನೋಡಿದರು. "ಹಂಗಾದ್ರ ನೀವು ಯಾರ್ರೀ?"

ಇಬ್ಬರೂ ನಕ್ಕೆವು. ಆಕೆ ಹೋದ ಮೇಲೆ ನನಗೆ ನಗು ಬರಲಿಲ್ಲ.

ಮನೆಯ ಮಾಲಕಿ ನೀಲವ್ವ ಅದೇ ಅಂಗಳದ ಆಚೆ ಬದಿಯಲ್ಲಿರುತ್ತಾರೆ. ಅರವತ್ತು ದಾಟಿದ ಒಂಟಿ ಹೆಂಗಸು, ಜೊತೆಗೆ ಕರೆವ್ವ ಎಂಬ ಎಮ್ಮೆ. ನನಗೆ ಹೇಳಬೇಕಾದದ್ದನ್ನೆಲ್ಲ ಅವರು ನನ್ನ ಹೆಂಡತಿಗೆ ಹೇಳುತ್ತಿದ್ದರು. ಆಕೆ ಹೋದ ಮೇಲೆ, ಹೆಂಡತಿಯಿಲ್ಲದ ಗಂಡಸಿನ ಜೊತೆ ನೇರ ಮಾತು ಹಳೆಯ ಕಾಲದ ನೀಲವ್ವನಿಗೆ ಬಾಯಿಗೆ ಬರಲಿಲ್ಲ. ನನಗೂ ಸಂಕೋಚ. ಒಂದೇ ಅಂಗಳದಲ್ಲಿ ವರ್ಷವಿಡೀ ಮೂಕರಂತೆ ಓಡಾಡಿದೆವು.

ಒಂದು ಸಂಜೆ ನಾನು ಸೂತ್ರಗಳನ್ನು ಬಾಯಿಪಾಠ ಮಾಡುತ್ತಿದ್ದೆ. ನೀಲವ್ವ ಹಾಲು ಹಿಂಡುತ್ತಾ ಎಮ್ಮೆಗೆ ಹೇಳಿದರು: "ಕರೆವ್ವ, ಸಾಹೇಬ್ರು ಒಬ್ಬರ ಕುಂತು ಏನೋ ಗುಣಗುಣ ಅನ್ನಾಕತ್ತಾರ. ಉಂಡಾರೋ ಇಲ್ಲೋ ಕೇಳಬೇ."

ಸಂಶಿಯ ಬೆಕ್ಕು ನೆನಪಾಯಿತು. ನಾನೂ ಎಮ್ಮೆಯ ಕಡೆಗೆ ತಿರುಗಿ, "ಉಂಡೇನ್ರಿ ಅಂತ ಹೇಳಬೇ" ಎಂದೆ. ಉಂಡಿರಲಿಲ್ಲ. ಒಬ್ಬನಿಗಾಗಿ ಒಲೆ ಹಚ್ಚಲು ಮನಸ್ಸು ಬಾರದೆ ಬಿಸ್ಕಿಟು ತಿಂದು ಮಲಗುವುದು ರೂಢಿಯಾಗಿತ್ತು.

ಅಂದಿನಿಂದ ದಿನಾ ಸಂಜೆ ಎಮ್ಮೆ ನನ್ನ ಊಟ ವಿಚಾರಿಸತೊಡಗಿತು. ನಾನು ದಿನಾ ಅದೇ ಸುಳ್ಳು ಹೇಳಿದೆ. ನಿಜ ಹೇಳಿದರೆ ಅವರು ತಾಟು ತಂದು ಕೊಟ್ಟಾರು, ಅದನ್ನು ಇಸಿದುಕೊಂಡರೆ ನಾನು ಒಬ್ಬನಾಗಿ ಉಳಿದಿದ್ದೇನೆಂದು ಒಪ್ಪಿಕೊಂಡಂತಾದೀತು ಎಂಬ ಅಂಜಿಕೆ. ಆದರೂ ಆರು ಗಂಟೆಗೆ ಬೀಗ ತೆಗೆಯುವಾಗ ಕಿವಿ ಕೊಟ್ಟಿಗೆಯ ಕಡೆಗೇ ಇರುತ್ತಿತ್ತು.

ಹೋದ ವಾರ ಕರೆವ್ವನಿಗೆ ಹೇಳಿ, ರೈಲು ಹಿಡಿದು ಹುಬ್ಬಳ್ಳಿಗೆ ಹೋಗಿ ಎರಡನೇ ಸಲ ಪರೀಕ್ಷೆಗೆ ಕುಳಿತೆ. ಆ ಪ್ರಶ್ನೆ ಬಂದೇ ಬಂತು, ಈ ಸಲ ಕೈಕೆಳಗೆ ಎಂಟು ಜನ. ಮೊದಲು ನನ್ನ ಎದೆಯ ಮೇಲೆ ಬೆರಳಿಟ್ಟು "ಒಂದು" ಎಂದೆ. ಆಮೇಲೆ ಉಳಿದ ಎಂಟು. ಬಾಜುವಿನ ಹುಡುಗಿ ವಿಚಿತ್ರವಾಗಿ ನೋಡಿದಳು. ಮೂವತ್ತಾರು ಎಂದು ಗುರುತು ಹಾಕಿದೆ. ಪರೀಕ್ಷೆ ಮುಗಿದ ಕೂಡಲೇ ಕಂಪ್ಯೂಟರು ಪಾಸು ಎಂದು ತೋರಿಸಿತು.

ಊರಿಗೆ ಮರಳಿದಾಗ ಹೊತ್ತು ಮುಳುಗುತ್ತಿತ್ತು. ನೀಲವ್ವ ಕರೆವ್ವನ ಬೆನ್ನು ಸವರುತ್ತಾ ನಿಂತಿದ್ದರು.

"ಸಾಹೇಬ್ರು ಪಾಸಾದ್ರೇನು ಕೇಳಬೇ."

"ಆಗೇನ್ರಿ ಅಂತ ಹೇಳು."

"ಚಲೋ ಆತು ಅನ್ನು. ಮತ್ತ ಊಟ ಆಗೈತೇನು ಕೇಳು."

ನಾಲಿಗೆಯ ಮೇಲೆ ಹಳೆಯ ಸುಳ್ಳು ಬಂದು ನಿಂತಿತು. ನುಂಗಿಕೊಂಡೆ.

"ಇಲ್ರಿ. ಉಂಡಿಲ್ಲ."

ನೀಲವ್ವ ಎಮ್ಮೆಯ ಬೆನ್ನಿನಿಂದ ಕೈ ತೆಗೆದರು. "ಹಂಗಾದ್ರ ಎಷ್ಟ ಮಂದಿಗೆ ರೊಟ್ಟಿ ಬಡೀಲಿ ಕೇಳಬೇ, ಕರೆವ್ವ."

"ಇಬ್ಬರಿಗೆ ಅಂತ ಹೇಳಬೇ," ಎಂದೆ. "ನನ್ನನ್ನೂ ಹಿಡಕೊಂಡು."

ಕರೆವ್ವ ಮೇವಿನಿಂದ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು.